ಕಡಲ ಸೌತೆಯ ಕುಲ ಹೇಳುವ ಸುಣ್ಣದ ಹರಳು

ಡೊಂಬಿವಲಿಯ ಪೇಟೆಯಲ್ಲಿ ತರಕಾರಿ ಬುಟ್ಟಿಯ ಮುಂದೆ ನಿಂತ ನಮ್ಮ ಗೃಹಿಣಿಯರಿಗೆ ಸೌತೆಯ ಗುರುತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಳೆಯದು ಯಾವುದು, ಹುಳಿಗೆ ಒದಗುವ ಮಂಗಳೂರು ಸೌತೆ ಯಾವುದು ಎಂಬುದನ್ನು ಅವರು ದೂರದಿಂದಲೇ ಬಲ್ಲರು. ಕಹಿಯೋ ಏನೋ ಎಂಬ ಸಂಶಯ ಬಂದರೆ ಮಾತ್ರ ತುದಿ ಕೊಯ್ದು ನೋಡುವುದುಂಟು. ಕಡಲಿನಲ್ಲಿಯೂ ಒಂದು ಸೌತೆಯಿದೆ. ಅದು ಕಾಯಲ್ಲ, ಪ್ರಾಣಿ, ನಕ್ಷತ್ರಮೀನಿನ ದಾಯಾದಿ. ಅದರ ಜಾತಿಯನ್ನು ಖಚಿತವಾಗಿ ತಿಳಿಯಬೇಕಾದರೆ ಬಹುಮಟ್ಟಿಗೆ ಕೊಯ್ಯದೆ ಗತ್ಯಂತರವಿಲ್ಲ.

ನಾವು ಇಲ್ಲಿ ಹೇಳಹೊರಟಿರುವುದು ತಣ್ಣೀರಿನ ಸೌತೆಗಳ ವಿಚಾರ. ಠಾಣೆ ಖಾರಿಯ ಬೆಚ್ಚನೆಯ ಕೆಸರು ಇವುಗಳ ತವರಲ್ಲ. ಕೆನಡಾ, ಐಸ್‌ಲ್ಯಾಂಡ್ ಕಡೆಯ ಉತ್ತರ ಅಟ್ಲಾಂಟಿಕ್ ಇವುಗಳ ಮನೆ. ನೀರಿನಿಂದ ಎತ್ತಿದೊಡನೆ ಪ್ರಾಣಿ ಮುದುಡಿ ಮುದ್ದೆಯಾಗುತ್ತದೆ. ಒಂದೇ ಜಾತಿಯಲ್ಲಿ ಬಣ್ಣವೂ ಬೇರೆ ಬೇರೆ. ಹೊರಗಿನ ನೋಟವನ್ನು ನಂಬಿ ಹೆಸರಿಟ್ಟರೆ ಮೋಸಹೋಗುವುದೇ ಹೆಚ್ಚು.

ಮೊದಲು ನೋಡಬೇಕಾದದ್ದು ಬಾಯಿಯ ಸುತ್ತಲಿನ ಕೈಗಳನ್ನು. ಅಲ್ಲಿ ಹೇರಳವಾಗಿ ಸಿಕ್ಕುವ ಕುಕುಮೇರಿಯ ಫ್ರೊಂಡೋಸಕ್ಕೆ ಗಿಡದಂತೆ ಕವಲೊಡೆದ 10 ಕೈಗಳು. ಒಂದೊಂದನ್ನೇ ಬಾಯೊಳಗಿಟ್ಟು, ಅಂಟಿದ ಆಹಾರವನ್ನು ಚೀಪಿಕೊಳ್ಳುತ್ತದೆ, ಮಗು ಬೆರಳು ಚೀಪಿದ ಹಾಗೆ. ಮೈಯುದ್ದಕ್ಕೂ 5 ಸಾಲು ಕೊಳವೆಗಾಲುಗಳು. ಸೋಲಸ್ ಫ್ಯಾಬ್ರಿಸಿಯಿ ಎಂಬ ಕೆಂಪನೆಯದಕ್ಕೋ ಬೆನ್ನ ಮೇಲೆ ಹೆಂಚು ಹೊದಿಸಿದಂತೆ ಹುರುಪೆಗಳು, ಅಡಿಯಲ್ಲಿ ಬಂಡೆಗೆ ಕಚ್ಚಿಕೊಳ್ಳುವ ಚಪ್ಪಟೆ ಅಂಗಾಲು. ಇದೊಂದನ್ನು ಕೊಯ್ಯದೆಯೂ ಗುರುತಿಸಬಹುದು.

ಕೊಯ್ದು ಬಿಡಿಸಿದರೆ ಗಂಟಲಿನ ಸುತ್ತ ಸುಣ್ಣದ ತುಣುಕುಗಳಿಂದಾದ ಒಂದು ಬಳೆ ಕಾಣುತ್ತದೆ. ಕವಲುಗೈಯವುಗಳಲ್ಲಿ ಬಾಯಿಯನ್ನು ಒಳಕ್ಕೆ ಸೆಳೆಯುವ ಸ್ನಾಯುಗಳು ಈ ಬಳೆಗೆ ಅಂಟಿಕೊಂಡಿರುತ್ತವೆ. ಹಿಂಬದಿಯಲ್ಲಿ ಮರದಂತೆ ಹರಡಿದ ಶ್ವಾಸಾಂಗ. ಇವು ಉಸಿರಾಡುವುದು ಗುದದ್ವಾರದಿಂದ ಎಂದರೆ ಮಕ್ಕಳು ನಗಬಹುದು. ಮಾತು ಮಾತ್ರ ನಿಜ! ಕೈರಿಡೋಟ ಲೀವಿಸ್ ಎಂಬ ಹುಳುವಿನಂತಹ ಜಾತಿಗೆ ಈ ಮರವೂ ಇಲ್ಲ, ಕೊಳವೆಗಾಲೂ ಇಲ್ಲ.

ಕೊನೆಯ ಸಾಕ್ಷಿ ಇರುವುದು ಚರ್ಮದಲ್ಲಿ, ಬರಿಗಣ್ಣಿಗೆ ಕಾಣದ ಸುಣ್ಣದ ಹರಳುಗಳ ರೂಪದಲ್ಲಿ. ಅಕ್ಕಿಕಾಳಿನಷ್ಟು ಚರ್ಮವನ್ನು ಗಾಜಿನ ಮೇಲಿಟ್ಟು, ಬಟ್ಟೆ ಬಿಳುಪು ಮಾಡುವ ದ್ರವದ ಒಂದೆರಡು ತೊಟ್ಟು ಹಾಕಿದರೆ ಮಾಂಸ ಕರಗಿ ಹರಳುಗಳು ಉಳಿಯುತ್ತವೆ. ನೀರಿನಲ್ಲಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೋಜಿಗವೆನಿಸುತ್ತದೆ! ಕೈರಿಡೋಟದಲ್ಲಿ 6 ಅರೆಕಾಲುಗಳ ಪುಟ್ಟ ಗಾಡಿಚಕ್ರಗಳು. ನಮ್ಮ ಮನ್ನಾರ್ ಕೊಲ್ಲಿಯ ಹೊಲೊಥೂರಿಯ ಸ್ಕೇಬ್ರದಲ್ಲಿ ಮೇಜು ಮತ್ತು ಗುಂಡಿಯ ಆಕಾರಗಳು. ಫ್ರೊಂಡೋಸದಲ್ಲಿ ತೂತುತೂತಾದ ತಗಡುಗಳು, ಅವೂ ವಯಸ್ಸಾದಂತೆ ವಿರಳ. ಹುಳಿಯಿರುವ ದ್ರವ ತಗುಲಿದರೆ ಮಾತ್ರ ಕೆಲಸ ಕೆಟ್ಟಿತು. ಸೀಸೆಯಲ್ಲಿಟ್ಟ ಫಾರ್ಮಲಿನ್ ಆಮ್ಲವಾಗಿ ತಿರುಗಿ ಹರಳುಗಳನ್ನೇ ತಿಂದುಹಾಕುವುದುಂಟು. ಆಗ ಚೀಟಿಯ ಮೇಲೆ ಹೆಸರು ಉಳಿಯುತ್ತದೆ, ಪುರಾವೆ ಉಳಿಯುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಏಕೆ ಎಂದು ವಾಚಕರು ಕೇಳಬಹುದು. ಪೂರ್ವ ಏಷ್ಯದಲ್ಲಿ ಈ ಪ್ರಾಣಿಗೆ ಒಳ್ಳೆಯ ಬೆಲೆಯಿದೆ. ಬೇಯಿಸಿ ಒಣಗಿಸಿದ ಮೇಲೆ ಎಲ್ಲವೂ ಸುಟ್ಟ ಕೊರಡಿನ ತುಂಡುಗಳೇ. ಭಾರತ ಸರಕಾರವು 2001ರಲ್ಲಿ ಕಡಲ ಸೌತೆಗಳನ್ನು ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲನೆಯ ಪರಿಚ್ಛೇದಕ್ಕೆ ಸೇರಿಸಿ ಹಿಡಿಯುವುದನ್ನು ನಿಷೇಧಿಸಿತು. ಅಳಿವಿನ ಭಯವಿರುವ ಜೀವಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವು 2019ರಲ್ಲಿ ಹೊಲೊಥೂರಿಯ ಕುಲದ 3 ಜಾತಿಗಳನ್ನು ಪರವಾನಗಿಯ ಕಟ್ಟಿಗೆ ಒಳಪಡಿಸಿತು. ಅಂತಹದೊಂದು ಮೂಟೆ ನವಿ ಮುಂಬಯಿಯ ನ್ಹಾವಾ ಶೇವಾ ಬಂದರಿನ ಅಧಿಕಾರಿಗಳ ಮುಂದೆ ಬಂತೆನ್ನೋಣ. ತಣ್ಣೀರಿನದೆಂದು ಕಾಗದದಲ್ಲಿ ಬರೆದಿರುವುದು ನಿಜವೋ, ನಮ್ಮ ತೀರದಿಂದಲೇ ಕದ್ದದ್ದೋ? ಬೆಂದು ಒಣಗಿದ ತುಂಡಿನಲ್ಲಿಯೂ ಹರಳುಗಳು ಉಳಿದಿರುತ್ತವೆಯಾದ್ದರಿಂದ ಉತ್ತರ ಹುಡುಕಬಹುದು. ಆದರೆ ಒಂದೇ ಕಡೆಯ ಚರ್ಮ ಸಾಲದು. ಬೆನ್ನು, ಹೊಟ್ಟೆ, ಕಾಲು, ಕೈ ಎಲ್ಲೆಡೆಯಿಂದಲೂ ಬೇರೆ ಬೇರೆಯಾಗಿ ಚೂರು ತೆಗೆದು ನೋಡಬೇಕು.