ಜೀಪಿನಲ್ಲೊಂದು, ಮನೆಯಲ್ಲೊಂದು ಹವ್ಯಾಸಿ ರೇಡಿಯೊ

ಮುಂಗಾರು ಹಿಡಿಯುವ ಮೊದಲು ಮರಗಸಿ ಮುಗಿಯಬೇಕು, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಬೇಕು, ಸೌದೆ ಒಳಗೆ ಸೇರಬೇಕು. ನಮ್ಮ ಮನೆಯಲ್ಲಿ ಈ ಪಟ್ಟಿಗೆ ಕೆಲವು ವರ್ಷಗಳಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ರೇಡಿಯೊದ ಏರಿಯಲ್ ಇಳಿಸಿ, ಒರೆಸಿ, ನೋಡಿ, ಮತ್ತೆ ಏರಿಸುವುದು. ಹ್ಯಾಮ್ ಎಂದು ಜನ ಕರೆಯುವ ಹವ್ಯಾಸಿ ರೇಡಿಯೊವನ್ನು ಜೀಪಿಗೂ ಮನೆಗೂ ಕೂಡಿಸಿಕೊಂಡ ಬಗೆಯನ್ನು ಬರೆಯಿರೆಂದು ಹಲವು ಬೆಳೆಗಾರ ಬಾಂಧವರು ಕೇಳಿದ್ದರಿಂದ ಈ ಬರಹ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡಗಳು ಜರಿದು ಚಾರ್ಮಾಡಿ ಘಟ್ಟದ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ನಮ್ಮಲ್ಲಿ ಕರೆಂಟು ಹೋಗಿ ಎರಡನೆಯ ದಿನಕ್ಕೆ ಮೊಬೈಲೂ ಸತ್ತಿತು. ಪಕ್ಕದ ತೋಟದ ಗೌಡರ ತಾಯಿಗೆ ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಗೌಡರು ಕೊಡೆ ಹಿಡಿದು ಬಂದು, “ಮಾರಾಯ್ರೆ, ನಿಮ್ಮ ರೇಡಿಯೊದಲ್ಲಿ ಏನಾದ್ರೂ ಆಗ್ತದಾ ನೋಡಿ. ಅಮ್ಮನ ಕಾಲು ಊದಿಕೊಂಡಿದೆ” ಎಂದರು.

ನಮ್ಮಲ್ಲಿ ಪರವಾನಗಿ ಇತ್ತು, ಯಂತ್ರವೂ ಇತ್ತು. ಆದರೆ ಮನೆ ಇರುವುದು ಕಣಿವೆಯೊಳಗೆ. 144ರಿಂದ 146 ಮೆಗಾಹರ್ಟ್ಸ್‌ನ, ಎರಡು ಮೀಟರ್ ಎಂದು ಕರೆಯುವ ತರಂಗಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ದಾರಿಯಲ್ಲೇ ಹೋಗುತ್ತವೆ. ಎದುರಿಗೆ ಗುಡ್ಡ ಬಂದರೆ ಮಾತು ಅಲ್ಲಿಗೆ ಮುಗಿಯಿತು. ಜೀಪು ಹತ್ತಿಸಿ ಗುಡ್ಡದ ನೆತ್ತಿಗೆ ಹೋದೆವು. ಅಲ್ಲಿಯೂ ಆಗಲಿಲ್ಲ. ಏರಿಯಲ್ಲಿನ ಬುಡದ ಕನೆಕ್ಟರ್ ಬಿಚ್ಚಿದರೆ ಒಳಗಿನಿಂದ ನೀರು ತೊಟ್ಟಿಕ್ಕಿತು. ಕೇಬಲ್ಲಿನ ತಾಮ್ರದ ಹೆಣಿಗೆಗೆ ಮೈಲುತುತ್ತು ಮೆತ್ತಿದ ಹಾಗೆ ಹಸಿರು ಹಿಡಿದಿತ್ತು. ವರ್ಷಕ್ಕೊಮ್ಮೆ ಬಿಚ್ಚಿ ನೋಡದೆ ಇದ್ದುದರ ಫಲ.

ತಲೆ ತಗ್ಗಿಸಿಕೊಂಡು ಮನೆಗೆ ಬಂದೆವು. ಆಗ ನೆನಪಾದದ್ದು, ‘ಮುಂದಿನ ಬೇಸಗೆಯಲ್ಲಿ ಕಟ್ಟೋಣ’ ಎಂದು ಅಟ್ಟದ ಮೇಲೆ ಸುತ್ತಿ ಇಟ್ಟಿದ್ದ 7 ಮೆಗಾಹರ್ಟ್ಸ್‌ನ ತಂತಿ. ಆ ಮಳೆಯಲ್ಲಿ ಅಡಿಕೆ ಮರ ಹತ್ತಿ ಎಂದು ಯಾರಿಗೆ ಹೇಳುವುದು? ಮಾಡಿನ ಅಂಚಿನಿಂದ ಅಂಗಳದಾಚೆಯ ಸಿಲ್ವರ್ ಓಕಿಗೆ, ಏಣಿಗೆ ಎಟುಕಿದ ಹದಿನೈದಡಿ ಎತ್ತರದಲ್ಲೇ ಎಳೆದು ಕಟ್ಟಿದೆವು. “ಇದು ಬಟ್ಟೆ ಹರಗೋ ತಂತಿ ಅಲ್ವಾ?” ಎಂದು ಗೌಡರು ಅನುಮಾನದಿಂದ ನೋಡಿದರು. ಹತ್ತು ನಿಮಿಷ ಕೂಗಿದ ಮೇಲೆ ಬೆಂಗಳೂರಿನ ಹವ್ಯಾಸಿ ಮಿತ್ರರೊಬ್ಬರು ಉತ್ತರ ಕೊಟ್ಟರು. ಅವರು ಅಲ್ಲಿಂದ ನಾಲ್ಕಾರು ಕಡೆ ಫೋನು ಮಾಡಿ ವಿಚಾರಿಸಿ, “ಘಟ್ಟ ಇಳಿಯೋ ಯೋಚನೆ ಬಿಟ್ಟುಬಿಡಿ ಅಣ್ಣ. ಚಿಕ್ಕಮಗಳೂರಿಗೆ ಕರಕೊಂಡು ಬನ್ನಿ, ನಾಳೆ ಬೆಳಿಗ್ಗೆಗೆ ಹೇಳಿಟ್ಟಿದೀನಿ” ಎಂದರು. ಮರುದಿನ ಆ ತಾಯಿಗೆ ಡಯಾಲಿಸಿಸ್ ಆಯಿತು.

ಅಷ್ಟು ತಗ್ಗಿನ ತಂತಿ ಬೆಂಗಳೂರು ಮುಟ್ಟಿದ್ದು ಹೇಗೆ? ತಗ್ಗಿನಲ್ಲಿದ್ದುದರಿಂದಲೇ. ಅಂತಹ ತಂತಿ ತನ್ನ ಶಕ್ತಿಯನ್ನು ಬಹುಪಾಲು ನೆಟ್ಟಗೆ ಆಕಾಶಕ್ಕೆ ಎಸೆಯುತ್ತದೆ. ಮೇಲಿನ ಅಯಾನುಮಂಡಲಕ್ಕೆ ತಾಗಿ ಅದು ತುಂತುರು ನೀರಾವರಿಯ ಹಾಗೆ ಸುತ್ತಲಿನ ಮುನ್ನೂರು, ನಾನೂರು ಕಿಲೋಮೀಟರಿಗೆ ಬೀಳುತ್ತದೆ. ನಡುವೆ ಎಷ್ಟು ಗುಡ್ಡವಿದ್ದರೂ ಅಡ್ಡಿಯಿಲ್ಲ. ಇದು ಹಗಲಿನ ಮಾತು. ರಾತ್ರಿ ಅಯಾನುಮಂಡಲ ತೆಳುವಾಗಿ, ನೆಟ್ಟಗೆ ಹೋದದ್ದು ತೂರಿ ಹೋಗಿಬಿಡುತ್ತದೆ. ಆಗ ದೂರದವರು ಕೇಳಿಸುತ್ತಾರೆ, ಹತ್ತಿರದವರು ಮಾಯವಾಗುತ್ತಾರೆ. ಆದಕಾರಣ ಮಿತ್ರರೊಡನೆ ಬೆಳಗಿನ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ತಂತಿಯ ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರುಗಳಲ್ಲಿ ಬರುತ್ತದೆ. 7.1ಕ್ಕೆ ಸುಮಾರು 20 ಮೀಟರು. ನಡುವೆ ಕತ್ತರಿಸಿ ಎರಡು ಕಡೆಗೂ ಹತ್ತು ಹತ್ತು ಮೀಟರು, ನಡುವಿನಿಂದ ಕೇಬಲ್ ಇಳಿಯಬೇಕು. ಒಂದು ಗೇಣು ಹೆಚ್ಚೇ ಇಟ್ಟುಕೊಂಡು, ಮೀಟರ್ ನೋಡುತ್ತಾ ತುದಿಯಲ್ಲಿ ಸವರಿ ಸರಿಮಾಡಿ. ಈಗ ನಮ್ಮದು ಎರಡು ಅಡಿಕೆ ಮರಗಳ ನಡುವೆ ಮೂವತ್ತಡಿ ಎತ್ತರದಲ್ಲಿದೆ. ಬೋರ್ಡೋ ಹೊಡೆಯಲು ಮರ ಹತ್ತಿದವರೇ ಒಂದು ಪುಟ್ಟ ರಾಟೆ ಕಟ್ಟಿಕೊಟ್ಟರು. ಗಾಳಿಗೆ ಅಡಿಕೆ ಮರ ಎಷ್ಟು ತೂಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಬಿಗಿದು ಕಟ್ಟಿದರೆ ಮೊದಲ ಮಳೆಗೇ ತಂತಿ ಹರಿಯುತ್ತದೆ. ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ಕಲ್ಲು ಕಟ್ಟಿ ತೂಗಬಿಡಿ. ವಿದ್ಯುತ್ ಲೈನಿನ ಹತ್ತಿರಕ್ಕಂತೂ ಹೋಗಲೇಬೇಡಿ. ಕೊಯ್ಲಿನ ದೋಟಿ ಲೈನಿಗೆ ತಾಗಿ ಆಗುವ ಅನಾಹುತವೇ ಇಲ್ಲಿಯೂ ಆಗುತ್ತದೆ.

ಕೇಬಲ್ಲಿನಲ್ಲಿ ಜಿಪುಣತನ ಮಾಡಬಾರದು. ಆರ್.ಜಿ. 58 ಎಂಬ ತೆಳ್ಳನೆಯ ಕೇಬಲ್ 7 ಮೆಗಾಹರ್ಟ್ಸ್‌ಗೆ ಸಾಕು. ಎರಡು ಮೀಟರಿನ ತರಂಗಕ್ಕೆ ಅದನ್ನೇ ಮೂವತ್ತು ಮೀಟರ್ ಎಳೆದರೆ ನಾಲ್ಕರಲ್ಲಿ ಮೂರು ಪಾಲು ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ. ಮನೆಯೊಳಗೆ ಬರುವ ಮೊದಲು ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತನ್ನಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾಗುವ ಮೊದಲೇ ಅದನ್ನು ಯಂತ್ರದಿಂದ ಬಿಚ್ಚಿ ಮನೆಯಿಂದ ಹೊರಗೆ ಹಾಕಿಬಿಡಿ. ಸಿಡಿಲು ಹೊಡೆಯುವಾಗ ಬಿಚ್ಚಲು ಓಡಬೇಡಿ.

ಮನೆಯ ಯಂತ್ರಕ್ಕೆ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿ ಸಾಕು. ಇನ್ವರ್ಟರ್ ಮೂಲಕ ಬೇಡ, ನೇರವಾಗಿ ಬ್ಯಾಟರಿಗೇ ಕೂಡಿಸಿ. ಇನ್ವರ್ಟರ್ ತಾನೇ ದೊಡ್ಡ ಗದ್ದಲಗಾರ. 100 ವಾಟಿನ ಯಂತ್ರ ಕೇಳುವಾಗ ಒಂದು ಆಂಪಿಯರಿನಷ್ಟು, ಮಾತಾಡುವಾಗ ಇಪ್ಪತ್ತರವರೆಗೂ ಎಳೆಯುತ್ತದೆ. 25 ವಾಟಿಗೆ ಇಳಿಸಿದರೆ ಎದುರಿನವರ ಮೀಟರಿನಲ್ಲಿ ಒಂದೇ ಒಂದು ಗುರುತು ಕಡಿಮೆಯಾಗುತ್ತದೆ. ಕರೆಂಟಿಲ್ಲದ ದಿನಗಳಲ್ಲಿ ಇಳಿಸಿಯೇ ಮಾತಾಡುವುದು ಜಾಣತನ. ಅಂದಹಾಗೆ, ಕೇಳುವಾಗ ಸೆಕೆಂಡಿಗೊಂದು ‘ಟಕ್, ಟಕ್’ ಸದ್ದು ಬಂದರೆ ಯಂತ್ರವನ್ನು ಬೈಯಬೇಡಿ, ಆನೆಗೆಂದು ಹಾಕಿದ ಸೋಲಾರ್ ಬೇಲಿ ನೋಡಿ. ಹುಲ್ಲೋ ಬಳ್ಳಿಯೋ ತಾಗಿ ಕಿಡಿ ಹಾರುತ್ತಿರುತ್ತದೆ. ನಾವು ಸಣ್ಣ ಟ್ರಾನ್ಸಿಸ್ಟರ್ ಹಿಡಿದು ಬೇಲಿಯ ಉದ್ದಕ್ಕೂ ನಡೆದು ಸೋರುವ ಜಾಗ ಹುಡುಕಿದ್ದೇವೆ.

ಜೀಪಿನ ವಿಚಾರ ಇಷ್ಟು. ಸಿಗರೇಟು ಹೊತ್ತಿಸುವ ತೂತಿನಿಂದ ಕರೆಂಟು ತೆಗೆಯಬಾರದು. 50 ವಾಟಿನ ಯಂತ್ರ ಹತ್ತು ಹನ್ನೆರಡು ಆಂಪಿಯರ್ ಎಳೆಯುತ್ತದೆ, ಆ ತಂತಿ ತಾಳುವುದಿಲ್ಲ. ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆದು, ಎರಡು ತಂತಿಗೂ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಶೆಡ್ಡಿನ ಇಲಿಗಳು ತಂತಿ ಕಡಿದ ದಿನ ಜೀಪನ್ನು ಉಳಿಸುವುದು ಆ ಫ್ಯೂಸ್. ಏರಿಯಲ್ ಎಂದರೆ ಸುಮಾರು 49 ಸೆಂಟಿಮೀಟರಿನ ಒಂದು ಕಡ್ಡಿ, ಆದರೆ ಅದರ ಕೆಳಗೆ ತಗಡು ಬೇಕು. ಟಾರ್ಪಾಲಿನ ಜೀಪಾದರೆ ಬಾನೆಟ್ಟಿನ ಅಂಚಿಗೆ ಕೂರಿಸಿ. ಡೀಸೆಲ್ ಜೀಪಿಗೆ ಪ್ಲಗ್ಗಿನ ಕಿಡಿ ಇಲ್ಲದ್ದರಿಂದ ಗದ್ದಲ ಕಡಿಮೆ. ಘಟ್ಟದ ತಿರುವಿನಲ್ಲಿ ಸ್ಟೇರಿಂಗ್ ಹಿಡಿದವರು ಮೈಕು ಹಿಡಿಯಬಾರದು, ಜೀಪು ನಿಲ್ಲಿಸಿ ಮಾತಾಡಿ.

ಇದು ಬರಿಯ ಶೋಕಿ ಎನ್ನುವವರಿಗೆ 2004ರ ಡಿಸೆಂಬರ್ ನೆನಪಿಸುತ್ತೇವೆ. ಸುನಾಮಿ ಬಂದಾಗ ಹವ್ಯಾಸಿ ರೇಡಿಯೊ ಕಾರ್ಯಕ್ರಮಕ್ಕೆಂದೇ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅದೇ ಯಂತ್ರಗಳಿಂದ ದ್ವೀಪಗಳ ಸುದ್ದಿಯನ್ನು ಹೊರಗೆ ಮುಟ್ಟಿಸಿದರು.

ಪರವಾನಗಿ ಇಲ್ಲದೆ ಮಾತಾಡುವಂತಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಕೈಯಂತ್ರ ಕೊಂಡು ಗುಂಡಿ ಒತ್ತಿದರೆ ಅದು ಅಪರಾಧ. ಹನ್ನೆರಡು ವರ್ಷ ತುಂಬಿದವರು ಕೇಂದ್ರ ಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ‘ವಿ.ಯು.’ ಎಂದು ಶುರುವಾಗುವ ಕರೆಸಂಕೇತ ಪಡೆಯಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದಕ್ಕೆ ಪಾಠ ಹೇಳಿಕೊಟ್ಟಿರುವ ಸಂಸ್ಥೆ. ವ್ಯಾಪಾರದ ಮಾತು ಈ ತರಂಗಗಳಲ್ಲಿ ನಿಷಿದ್ಧ. ಗೌಡರ ಮಗ ಈಗ ಪರೀಕ್ಷೆಗೆ ಓದುತ್ತಿದ್ದಾನೆ. “ಇವತ್ತಿನ ರಾಶಿ ಇಡಿ ಧಾರಣೆ ಕೇಳ್ಬಹುದಾ?” ಎಂದು ಗೌಡರು ಎರಡು ಸಲ ವಿಚಾರಿಸಿದರು. ಎರಡು ಸಲವೂ ಇಲ್ಲವೆಂದೆವು.