ಎಡವೋ, ಬಲವೋ?

ಕಳೆದ ಯುಗಾದಿಯ ದಿನ ನಮ್ಮ ಮನೆಯಲ್ಲಿ ಬೇವಿಗೆ ತಕ್ಕಷ್ಟು ಬೆಲ್ಲ ಸಾಲದೆ ಹೋಯಿತು. ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಮಗನೂ, ಕಾಲೇಜಿನಲ್ಲಿ ರಾಜ್ಯಶಾಸ್ತ್ರವನ್ನು ಓದುತ್ತಿರುವ ಮಗಳೂ ಊಟದ ಪಂಕ್ತಿಯಲ್ಲಿಯೇ ವಾದಕ್ಕೆ ತೊಡಗಿದರು. ಅವನು ಇವಳನ್ನು ಎಡಪಂಥದವಳೆಂದೂ, ಇವಳು ಅವನನ್ನು ಬಲಪಂಥದವನೆಂದೂ ಕರೆದುಬಿಟ್ಟರು. ಎರಡು ಶಬ್ದಗಳೂ ಬೈಗುಳದ ಅರ್ಥದಲ್ಲಿಯೇ ಪ್ರಯೋಗವಾದುವು. ಹೋಳಿಗೆ ಎಲೆಯಲ್ಲಿಯೇ ಉಳಿಯಿತು. ಅಂದಿನಿಂದ ಅಣ್ಣತಂಗಿಯರಲ್ಲಿ ಮಾತಿಲ್ಲ. ಮೊನ್ನೆ ಮಗಳು ನಮ್ಮನ್ನೇ ತಡೆದು ನಿಲ್ಲಿಸಿ, “ಅಪ್ಪ, ನೀವು ಎಡವೋ, ಬಲವೋ? ಎರಡರಲ್ಲಿ ಒಂದು ಹೇಳಿ” ಎಂದಳು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳನ್ನು ಪ್ರಶ್ನಿಸುತ್ತ ಬಂದವರು ನಾವು. ಅಂದು ಉತ್ತರ ತೋಚದೆ ನಿಂತೆವು. ಇಂತಹ ಪ್ರಸಂಗವು ವಾಚಕರಲ್ಲಿ ಅನೇಕರ ಮನೆಗಳಲ್ಲಿಯೂ ನಡೆದಿರಬಹುದು. ಆದುದರಿಂದ ಆ ಪ್ರಶ್ನೆಯನ್ನು ಕುರಿತು ನಾವು ಆಲೋಚಿಸಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಶಬ್ದಾರ್ಥವನ್ನು ನೋಡೋಣ. ಸಂಸ್ಕೃತದಲ್ಲಿ ‘ದಕ್ಷಿಣ’ ಎಂದರೆ ಬಲಗಡೆ. ಸಮರ್ಥ, ಸರಳ ಎಂಬ ಅರ್ಥಗಳೂ ಅದಕ್ಕುಂಟು. ‘ವಾಮ’ ಎಂದರೆ ಎಡಗಡೆ. ಪ್ರತಿಕೂಲ ಎಂಬರ್ಥವೂ ಉಂಟು, ಸುಂದರ ಎಂಬರ್ಥವೂ ಉಂಟು. ವಾಮಲೋಚನೆಯೆಂದರೆ ಎಡಗಣ್ಣಿನವಳಲ್ಲ, ಚೆಲುವಾದ ಕಣ್ಣುಳ್ಳವಳು. ಆದುದರಿಂದ ಶಬ್ದಮಾತ್ರದಿಂದ ಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ. ಇನ್ನೊಂದು ವಿಶೇಷವೇನೆಂದರೆ, ಪೂರ್ವಾಭಿಮುಖವಾಗಿ ನಿಂತವನ ಬಲಗೈಯ ಕಡೆ ಇರುವ ದಿಕ್ಕಿಗೇ ದಕ್ಷಿಣವೆಂದು ಹೆಸರು. ಅವನು ಪಶ್ಚಿಮಕ್ಕೆ ತಿರುಗಿದನೋ, ಬಲಗೈಯ ಕಡೆಗೆ ಉತ್ತರ ಬರುತ್ತದೆ. ಎಡಬಲಗಳು ನಿಂತ ರೀತಿಯನ್ನು ಅನುಸರಿಸುವುವೇ ಹೊರತು ಭೂಮಿಗೆ ಅಂಟಿಕೊಂಡುವಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ರಾಜಕೀಯದಲ್ಲಿ ಈ ಹೆಸರುಗಳು ಹುಟ್ಟಿದ್ದು ಫ್ರಾನ್ಸ್ ದೇಶದಲ್ಲಿ. ೧೭೮೯ನೆಯ ಇಸವಿಯ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ವರ್ಸೇಲ್ಸ್ ನಗರದಲ್ಲಿ ಸೇರಿದ್ದ ರಾಷ್ಟ್ರೀಯ ಸಭೆಯು ಒಂದು ಮುಖ್ಯ ಪ್ರಶ್ನೆಯನ್ನು ಚರ್ಚಿಸುತ್ತಿತ್ತು. ಪ್ರಜೆಗಳ ಪ್ರತಿನಿಧಿಗಳು ಮಾಡಿದ ಶಾಸನವನ್ನು ತಡೆಯುವ ಅಧಿಕಾರವು ಅರಸನಿಗೆ ಇರಬೇಕೋ, ಬೇಡವೋ? ಇರಬೇಕೆಂದವರು ಅಧ್ಯಕ್ಷರ ಬಲಗಡೆಗೂ, ಕೂಡದೆಂದವರು ಎಡಗಡೆಗೂ ಗುಂಪುಗೂಡಿದರು. ಕಡೆಗೆ ಅರಸನಿಗೆ ದೊರೆತದ್ದು ಶಾಸನವನ್ನು ಕೆಲವು ಕಾಲ ತಡೆದಿಡುವ ಅಧಿಕಾರ ಮಾತ್ರ. ಆ ಸಭೆಯ ಸದಸ್ಯನಾಗಿದ್ದ ಗೋವಿಲ್ ಎಂಬ ಬ್ಯಾರನ್ ತನ್ನ ಅನುಭವವನ್ನು ಬರೆದಿಟ್ಟಿರುವನು. ತನ್ನ ಅಭಿಪ್ರಾಯಕ್ಕೆ ತಾನೇ ಒಡೆಯನಾಗಿರಬೇಕೆಂದು ಅವನು ಸಭಾಂಗಣದ ಬೇರೆ ಬೇರೆ ಕಡೆಗಳಲ್ಲಿ ಕುಳಿತು ನೋಡಿದನಂತೆ. ಆದರೆ ಎಡಗಡೆ ಕುಳಿತಾಗ ಒಬ್ಬಂಟಿಯಾಗಿ ಮತ ಕೊಡಬೇಕಾಗಿ ಬಂದು, ಪ್ರೇಕ್ಷಕರ ಅಪಹಾಸ್ಯಕ್ಕೆ ಗುರಿಯಾಗುವುದು ತಪ್ಪದೆ, ಕಡೆಗೆ ಆ ಕಡೆಯನ್ನೇ ಬಿಡಬೇಕಾಯಿತಂತೆ. ನೋಡಿರಿ, ಎಡಬಲಗಳು ಹುಟ್ಟಿದ ಮೊದಲ ದಿನಗಳಲ್ಲಿಯೇ ಮನುಷ್ಯನು ತನ್ನ ಜಾಗವನ್ನು ಬುದ್ಧಿಯೊಂದರಿಂದಲೇ ಆರಿಸಿಕೊಳ್ಳಲಿಲ್ಲ. ನೆರೆಯವರು ಯಾರೆಂಬುದನ್ನೂ ನೋಡಿ ಆರಿಸಿಕೊಂಡನು.

ನಮ್ಮ ದೇಶದ ಶಾಸನಸಭೆಗಳಲ್ಲಿ ಪದ್ಧತಿ ಬೇರೆ. ಆಳುವ ಪಕ್ಷವು ಸಭಾಧ್ಯಕ್ಷರ ಬಲಗಡೆಯಲ್ಲಿಯೂ, ವಿರೋಧಪಕ್ಷವು ಎಡಗಡೆಯಲ್ಲಿಯೂ ಕುಳಿತುಕೊಳ್ಳುವುವು. ಚುನಾವಣೆಯಲ್ಲಿ ಗೆದ್ದ ಎಡಪಕ್ಷವೂ ಬಲಗಡೆಗೇ ಹೋಗಿ ಕುಳಿತುಕೊಳ್ಳಬೇಕು. ಹೀಗೆ ಪಕ್ಷಗಳ ಪೀಠವು ಬದಲಾದರೂ ಹೆಸರು ಮಾತ್ರ ಉಳಿದುಕೊಂಡಿದೆ. ಸ್ಥೂಲವಾಗಿ ಹೇಳುವುದಾದರೆ, ಸಂಪತ್ತನ್ನು ಹಂಚಿ ಸಮತೆಯನ್ನು ತರಬೇಕೆನ್ನುವವರು ಎಡ. ಪರಂಪರೆಯನ್ನೂ, ಸ್ವಂತ ಸೊತ್ತಿನ ಹಕ್ಕನ್ನೂ ಕಾಪಾಡಬೇಕೆನ್ನುವವರು ಬಲ.

ಪಾಶ್ಚಾತ್ಯ ವಿದ್ವಾಂಸರು ಜನರ ಅಭಿಪ್ರಾಯವನ್ನು ಅಳೆಯುವುದಕ್ಕಾಗಿ ಒಂದರಿಂದ ಹತ್ತರವರೆಗೆ ಸಾಲಾಗಿ ಅಂಕಿಗಳನ್ನು ಬರೆದು, “ಒಂದು ಎಂದರೆ ಎಡದ ತುದಿ, ಹತ್ತು ಎಂದರೆ ಬಲದ ತುದಿ, ನಿಮ್ಮ ಸ್ಥಾನ ಯಾವುದು?” ಎಂದು ಕೇಳುವ ಪದ್ಧತಿಯನ್ನು ಇಟ್ಟುಕೊಂಡಿರುವರು. ಅನೇಕ ದೇಶಗಳಲ್ಲಿ ಐದು, ಆರು ಎಂದು ನಡುವಿನ ಅಂಕಿಗಳನ್ನು ಹೇಳುವವರೇ ಹೆಚ್ಚು. ಐದೇ ನಟ್ಟನಡುವೆಂದು ಭಾವಿಸುವವರೂ ಉಂಟು. ಆದರೆ ಎಣಿಸಿ ನೋಡಿದರೆ ಈ ಸಾಲಿನ ನಡುವು ಐದೂವರೆ. ಐದೆಂದವನು ತನಗರಿವಿಲ್ಲದೆಯೇ ಅರ್ಧ ಹೆಜ್ಜೆ ಎಡಕ್ಕೆ ನಿಂತಿರುತ್ತಾನೆ!

ಹಾಗಿರಲಿ, ಮನುಷ್ಯನ ಮನಸ್ಸೆಲ್ಲವೂ ಒಂದೇ ಗೆರೆಯ ಮೇಲೆ ನಿಲ್ಲಬಲ್ಲುದೇ? ರಾಜಾಜಿಯವರನ್ನೇ ತೆಗೆದುಕೊಳ್ಳೋಣ. ೧೯೫೯ರಲ್ಲಿ ಅವರು ಸ್ವತಂತ್ರ ಪಕ್ಷವನ್ನು ಸ್ಥಾಪಿಸಿ, ವ್ಯಾಪಾರದಲ್ಲಿಯೂ ಉದ್ಯಮದಲ್ಲಿಯೂ ಸರ್ಕಾರದ ಅಂಕುಶವು ಸಲ್ಲದೆಂದು ವಾದಿಸಿದರು. ಅದನ್ನು ನೋಡಿದರೆ ಅವರು ಬಲಪಂಥದವರು. ಆದರೆ ೧೯೩೯ರಲ್ಲಿ ಅವರು ಮದರಾಸಿನ ಪ್ರಧಾನಿಗಳಾಗಿದ್ದಾಗಲೇ ದಲಿತರ ದೇವಾಲಯಪ್ರವೇಶಕ್ಕೆ ಶಾಸನದ ರಕ್ಷಣೆ ದೊರೆತದ್ದು. ಅದನ್ನು ನೋಡಿದರೆ ಅವರು ಪರಂಪರೆಯನ್ನು ಮುರಿದವರು. ಇಂತಹವರಿಗೆ ಹತ್ತು ಅಂಕಿಗಳಲ್ಲಿ ಯಾವುದನ್ನು ಕೊಡೋಣ?

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಜನರು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುವುದು ಹೇಗೆ? ಗ್ರಂಥಗಳನ್ನೋದಿ ನಿಲ್ಲುವವರು ಅತ್ಯಲ್ಪ. ೧೯೫೧ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಸಮಾಜವಾದಿ ಪಕ್ಷವು ಅವರ ಬೆಂಬಲಕ್ಕೆ ನಿಂತಿತು. ಡಾಕ್ಟರ್ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆದರೆ ಆ ಒಕ್ಕಲುಗಳನ್ನು ಕೆರಳಿಸಿದ್ದು ಯಾವ ಸಿದ್ಧಾಂತವೂ ಅಲ್ಲ, ಗೇಣಿಯ ಭತ್ತವನ್ನು ಅಳೆಯುತ್ತಿದ್ದ ಕೊಳಗ. ಅದೇ ವರ್ಷ ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಅವರ ಮುಂದೆ ರಾಮಚಂದ್ರ ರೆಡ್ಡಿ ಎಂಬ ಭೂಮಾಲಿಕರು ಎದ್ದು ನಿಂತು, ಭೂಮಿಯಿಲ್ಲದವರಿಗಾಗಿ ನೂರು ಎಕರೆಗಳನ್ನು ಕೊಟ್ಟರು. ಆದಕಾರಣ ಸ್ವಾರ್ಥವೇ ಮನುಷ್ಯನ ಜಾಗವನ್ನು ಗೊತ್ತುಮಾಡುವುದೆಂದೂ ಹೇಳಲಾಗದು. ಆದರೆ ಅವನು ಕಂಡುದು, ಉಂಡುದು, ನೊಂದುದು ಅವನನ್ನು ಒಂದು ಕಡೆಗೆ ತಳ್ಳುವುವೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ನಮ್ಮ ಮನೆಯೇ ಸಾಕ್ಷಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣೆಯ ತಿದ್ದುಪಡಿ ಶಾಸನವು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದಿತು. ಗೇಣಿಯ ಭೂಮಿಯು ಸರ್ಕಾರಕ್ಕೆ ಸೇರಿ, ಉಳುವವನಿಗೆ ಅರ್ಜಿಯ ಮೇಲೆ ದೊರೆಯುವಂತಾಯಿತು. ನಮ್ಮ ತೀರ್ಥರೂಪರಿಗೆ ಇದ್ದುದು ಮೂರು ಎಕರೆ ಗದ್ದೆ. ವರ್ಷದ ಅಕ್ಕಿ ಅದರಿಂದಲೇ ಬರುತ್ತಿತ್ತು. ಅದನ್ನು ಎರಡು ತಲೆಮಾರುಗಳಿಂದ ಉಳುತ್ತಿದ್ದ ಒಕ್ಕಲಿನವನು ಏಳನೆಯ ನಮೂನೆಯ ಅರ್ಜಿಯನ್ನು ಹಾಕಿದನು, ಗದ್ದೆ ಅವನದಾಯಿತು. ಅವನ ಮನೆಯ ಜಗಲಿಯಲ್ಲಿ ಮುಖ್ಯಮಂತ್ರಿಗಳ ಭಾವಚಿತ್ರವು ದೇವರ ಪಟದ ಪಕ್ಕಕ್ಕೇರಿತು. ನಮ್ಮ ತೀರ್ಥರೂಪರು ಆ ಗದ್ದೆಯ ಬದುವಿನ ದಾರಿಯಲ್ಲಿ ಮತ್ತೆಂದೂ ನಡೆಯಲಿಲ್ಲ. ದೇವಸ್ಥಾನಕ್ಕೆ ಹೋಗಬೇಕಾದರೂ ಸುತ್ತುದಾರಿಯನ್ನೇ ಹಿಡಿದರು. ಒಂದೇ ಶಾಸನವು ಒಂದು ಮನೆಯನ್ನು ಎಡಕ್ಕೂ, ಇನ್ನೊಂದು ಮನೆಯನ್ನು ಬಲಕ್ಕೂ ಕಳುಹಿಸಿತು. ಆಗ ನಾವು ಪ್ರಾಥಮಿಕ ಶಾಲೆಯ ಬಾಲಕರು; ಒಕ್ಕಲಿನವನ ಮಗನು ನಮ್ಮ ಸಹಪಾಠಿ. ಒಂದು ಇಡೀ ವರ್ಷ ನಾವಿಬ್ಬರೂ ಒಂದೇ ಮಣೆಯ ಎರಡು ತುದಿಗಳಲ್ಲಿ ಮಾತಿಲ್ಲದೆ ಕುಳಿತಿದ್ದೆವು. ಅವನು ಕದ್ದವನೆಂದು ನಾವು ಬಗೆದಿದ್ದೆವು; ನಾವು ಕಸಿದವರೆಂದು ಅವನು ಬಗೆದಿದ್ದನು. ಇಬ್ಬರೂ ತಂದೆಯರ ಮಾತನ್ನು ಹೊತ್ತಿದ್ದೆವೇ ಹೊರತು ಸ್ವಂತ ಮಾತೊಂದೂ ನಮ್ಮಲ್ಲಿರಲಿಲ್ಲ.

ಐವತ್ತು ವರ್ಷಗಳು ಕಳೆದುವು. ಈಗ ಆ ಸಹಪಾಠಿಯು ಹಿಡುವಳಿದಾರ. ನಾಟಿಯ ಕಾಲಕ್ಕೆ ಆಳುಗಳನ್ನು ಕರೆಯುತ್ತಾನೆ. ಕೂಲಿ ಏರಿತೆಂದೂ, ಸರ್ಕಾರವು ಎಲ್ಲವನ್ನೂ ಬಿಟ್ಟಿಯಾಗಿ ಕೊಟ್ಟು ಜನರನ್ನು ಕೆಡಿಸಿತೆಂದೂ ಅವನು ಹೇಳುವುದನ್ನು ಕೇಳಿದರೆ, ನಮಗೆ ತೀರ್ಥರೂಪರ ಕಂಠವೇ ಕೇಳಿದಂತಾಗುತ್ತದೆ. ನಾವಾದರೋ ಸಂಬಳದಿಂದ ಜೀವಿಸಿದವರು. ವೇತನಕ್ಕಾಗಿ ಉಪಾಧ್ಯಾಯರ ಸಂಘದ ಮೆರವಣಿಗೆಯಲ್ಲಿ ಬಾವುಟ ಹಿಡಿದು ನಡೆದಿದ್ದೇವೆ. ಒಮ್ಮೆ ಅವನೇ ನಗುತ್ತ, “ಮೇಷ್ಟ್ರೇ, ಈಗ ನೀವೇ ನಮ್ಮಪ್ಪನ ಹಾಗೆ ಮಾತಾಡ್ತೀರಿ” ಎಂದನು. ನಾವಿಬ್ಬರೂ ತಿರುಗಿ ನಿಂತಿದ್ದೆವು, ದಕ್ಷಿಣವು ಉತ್ತರವಾಗಿತ್ತು.

ಹಾಗಾದರೆ ಯಾವ ಪಕ್ಷದಲ್ಲಿಯೂ ಸತ್ಯವಿಲ್ಲವೆಂದು ನಾವು ಹೇಳುತ್ತಿಲ್ಲ. ನಡುವೆ ನಿಲ್ಲುವುದೇ ವಿವೇಕವೆಂದೂ ಹೇಳುತ್ತಿಲ್ಲ. ಅನ್ಯಾಯವನ್ನು ಕಂಡೂ ಐದೂವರೆಯೆಂದು ಹೇಳಿ ಸುಮ್ಮನಿರುವವನದು ಸಮತ್ವವಲ್ಲ, ಸೋಮಾರಿತನ. ಆ ಮೂರು ಎಕರೆಗಳ ವಿಷಯದಲ್ಲಿ ಉತ್ತವನಿಗೆ ಸಂದದ್ದು ನ್ಯಾಯವೆಂದೇ ನಾವು ಇಂದು ನಂಬಿದ್ದೇವೆ. ತೀರ್ಥರೂಪರು ಬದುಕಿದ್ದಾಗ ಇದನ್ನು ಅವರೆದುರಿಗೆ ಹೇಳುವ ಧೈರ್ಯ ನಮಗೆ ಬರಲಿಲ್ಲ. ಆದರೆ ಅವರ ನೋವು ಸುಳ್ಳಾಗಿರಲಿಲ್ಲವೆಂಬುದೂ ನಮಗೆ ಗೊತ್ತು. ‘ನೀನು ಯಾವ ಕಡೆ?’ ಎಂದು ಕೇಳುವವನು, ‘ನಿನ್ನನ್ನು ಅಲ್ಲಿ ನಿಲ್ಲಿಸಿದ್ದು ಏನು?’ ಎಂದೂ ಕೇಳಬೇಕು. ಮೊದಲನೆಯ ಪ್ರಶ್ನೆಯೊಂದನ್ನೇ ಕೇಳಿದರೆ ಜಗಳ. ಎರಡನೆಯದನ್ನೂ ಕೇಳಿದರೆ ಸಂಭಾಷಣೆ.

ಮಗಳಿಗೆ ಈ ಗದ್ದೆಯ ಕಥೆಯನ್ನೆಲ್ಲ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಣ್ಣನನ್ನು ಅಲ್ಲಿ ನಿಲ್ಲಿಸಿದ್ದು ಏನಪ್ಪ?” ಎಂದು ಕೇಳಿದಳು. ಅವಳು ಚಿಕ್ಕವಳಾಗಿದ್ದಾಗ ಅವನು ಸಣ್ಣದೊಂದು ಕಾರ್ಯಾಗಾರವನ್ನು ತೆರೆಯಹೋಗಿ, ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು, ಕೂಡಿಟ್ಟ ಹಣವನ್ನೂ ಉತ್ಸಾಹವನ್ನೂ ಕಳೆದುಕೊಂಡು ಹಿಂದಿರುಗಿದ್ದನು. ಅದನ್ನು ಅವಳು ತಿಳಿದಿರಲಿಲ್ಲ. ಅವಳೊಡನೆ ಓದುತ್ತಿದ್ದ ಗೆಳತಿಯೊಬ್ಬಳು ಶುಲ್ಕ ಕಟ್ಟಲಾರದೆ ಕಾಲೇಜು ಬಿಟ್ಟುಹೋದುದನ್ನು ಅವನೂ ತಿಳಿದಿರಲಾರನು.

ಅಂದು ರಾತ್ರಿ ಅವಳೇ ಅಣ್ಣನಿಗೆ ದೂರವಾಣಿ ಮಾಡಿದಳು. ಏನು ಮಾತಾಯಿತೋ ನಾವು ಕೇಳಲಿಲ್ಲ. ನಡುವೆ ಒಂದೆರಡು ಸಲ ಧ್ವನಿ ಏರಿತು. ಅಭಿಪ್ರಾಯವೇನೂ ಬದಲಾದಂತೆ ತೋರಲಿಲ್ಲ. ಆದರೆ ಮಾತು ಮುಗಿಯುವಷ್ಟರಲ್ಲಿ ನಮ್ಮ ಗಡಿಯಾರದಲ್ಲಿ ಒಂದು ಗಂಟೆ ಕಳೆದಿತ್ತು.