ರೇಡಾರ್ ಇದ್ದರೆ ಅಪ್ಪ ಮತ್ತೆ ಬೈಕ್ ಹತ್ತುತ್ತಾರೆಯೇ?

ಮೋಟಾರ್‌ಸೈಕಲ್ ತಯಾರಕರನ್ನು ಬಹಳ ಕಾಲದಿಂದ ಕಾಡುತ್ತಿರುವ ಚಿಂತೆ ಒಂದಿದೆ: ಸವಾರರಿಗೆ ವಯಸ್ಸಾಗುತ್ತಿದೆ. ಅಮೆರಿಕದಲ್ಲಿ 1990ರಲ್ಲಿ ಬೈಕ್ ಇಟ್ಟುಕೊಂಡಿದ್ದವರಲ್ಲಿ ಅರ್ಧದಷ್ಟು ಮಂದಿ 32ಕ್ಕಿಂತ ಚಿಕ್ಕವರು. 2018ರ ಹೊತ್ತಿಗೆ ಅರ್ಧದಷ್ಟು ಮಂದಿ 50 ದಾಟಿದ್ದರು. ಜಪಾನಿನಲ್ಲೂ ಹೊಸ ಬೈಕ್ ಕೊಳ್ಳುವವರ ಸರಾಸರಿ ವಯಸ್ಸು 50 ದಾಟಿದೆ. ಇದಕ್ಕೆ ಮದ್ದು ಎಲೆಕ್ಟ್ರಾನಿಕ್ಸ್ ಎಂಬ ನಂಬಿಕೆ ಈಗ ಬಲವಾಗಿ ಬೇರೂರಿದೆ. ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್, ರೇಡಾರ್ ಎಲ್ಲ ಬಂದರೆ ಹೆದರುವ ಹೊಸಬರಿಗೆ ಧೈರ್ಯ ಬರುತ್ತದೆ, ಬೈಕ್ ಬಿಟ್ಟ ಹಿರಿಯರು ಹಿಂತಿರುಗುತ್ತಾರೆ ಎನ್ನುವುದು ಆ ಮಾತಿನ ಸಾರ. ಇದರಲ್ಲಿ ನಿಜವೂ ಇದೆ. ಆದರೆ ಯಾವ ತಂತ್ರಜ್ಞಾನ ಯಾರನ್ನು ಕರೆತರುತ್ತದೆ, ಯಾವುದು ಯಾರ ಜೀವ ಉಳಿಸುತ್ತದೆ ಎಂಬುದನ್ನು ನಾವು ಅದಲುಬದಲು ಮಾಡಿಕೊಂಡಿದ್ದೇವೆ.

"ಸುರಕ್ಷತೆಯ ಸೌಲಭ್ಯ ನೋಡಿ ಹೊಸಬರು ಬರುತ್ತಾರೆ"

ಹೊಸಬರನ್ನು ಹಿಂಡುಹಿಂಡಾಗಿ ಕರೆತಂದ ಗಾಡಿಗಳ ಚರಿತ್ರೆಯನ್ನೇ ನೋಡಿ. 1958ರಲ್ಲಿ ಹೋಂಡಾ ಸೂಪರ್ ಕಬ್ ಬಂತು. ಅದಕ್ಕೆ ಕ್ಲಚ್ ಲಿವರ್ ಇರಲಿಲ್ಲ. ನೂಡಲ್ಸ್ ಹೊತ್ತು ಮನೆಮನೆಗೆ ಮುಟ್ಟಿಸುವ ಹುಡುಗ ಒಂದೇ ಕೈಯಲ್ಲಿ ಓಡಿಸುವಂತಿರಬೇಕು ಎಂಬುದು ಅದನ್ನು ರೂಪಿಸಿದವರ ಗುರಿಯಾಗಿತ್ತು. 2017ರ ಹೊತ್ತಿಗೆ ಆ ಕುಟುಂಬದ 10 ಕೋಟಿ ಗಾಡಿಗಳು ತಯಾರಾಗಿದ್ದವು.

ನಮ್ಮಲ್ಲೂ ನಡೆದದ್ದು ಇದೇ. ಹೊಸೂರಿನಿಂದ 1980ರಲ್ಲಿ ಟಿವಿಎಸ್ 50 ಬಂತು. 1984ರಲ್ಲಿ ಗೇರಿಲ್ಲದ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಕೈನೆಟಿಕ್ ಹೋಂಡಾ ಬಂತು. ಆಮೇಲೆ ಸ್ಕೂಟಿ, ಆಕ್ಟಿವಾ. ಅಲ್ಲಿಯವರೆಗೆ ಬಸ್ಸಿಗೆ ಕಾಯುತ್ತಿದ್ದ ಟೀಚರಮ್ಮ, ಬ್ಯಾಂಕಿನ ಗುಮಾಸ್ತೆ, ಕಾಲೇಜಿನ ಹುಡುಗಿ ಹ್ಯಾಂಡಲ್ ಹಿಡಿದರು. ಸೀರೆಯುಟ್ಟು ಕಿಕ್ ಹೊಡೆಯುವ ಪಾಡು ತಪ್ಪಿದ್ದು ಸಣ್ಣ ಸಂಗತಿಯಲ್ಲ. ನಮ್ಮ ಹಳ್ಳಿಗಳಲ್ಲಿ ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೇರಿಕೊಂಡು ಹೋಗುವ ಹಿರಿಯರು ಇವತ್ತಿಗೂ ಟಿವಿಎಸ್ ಎಕ್ಸೆಲ್ ಮೊಪೆಡ್ ಬಿಡುವುದಿಲ್ಲ. ಕಾಲು ನೆಲಕ್ಕೆ ಸಿಗುತ್ತದೆ, ಗೇರಿನ ಗೋಜಿಲ್ಲ, ಬಿದ್ದರೂ ಎತ್ತಬಹುದು.

ಸವಾರನ ಕೆಲಸವನ್ನು ಕಡಿಮೆ ಮಾಡಿದ ತಾನೇ ಹಿಡಿದು ಬಿಡುವ ಕ್ಲಚ್ಚೂ ಸವಾರನಿಗೆ ನೆರವಾಗುವ ತಂತ್ರಜ್ಞಾನವೇ. ಅದನ್ನು ನಾವು ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೇ. ಕಂಪನಿಗಳಿಗೂ ಇದು ಮತ್ತೆ ನೆನಪಾದಂತಿದೆ. ಹೋಂಡಾ 2023ರಲ್ಲಿ ಇ-ಕ್ಲಚ್ ತೋರಿಸಿತು. 2024ರಲ್ಲಿ ಯಮಾಹಾ ಮತ್ತು ಬಿಎಂಡಬ್ಲ್ಯು ದೊಡ್ಡ ಬೈಕುಗಳಲ್ಲೇ ಎಡಗೈಗೆ ಬಿಡುವು ಕೊಡುವ ಗೇರ್ ವ್ಯವಸ್ಥೆ ತಂದವು. ಹೊಸಬರ ದೃಷ್ಟಿಯಿಂದ ನನಗೆ ರೇಡಾರ್‌ಗಿಂತ ಇವೇ ಮುಖ್ಯವಾಗಿ ಕಾಣುತ್ತವೆ. ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗಿ, ಹಿಂದಿನವರೆಲ್ಲ ಹಾರ್ನ್ ಹೊಡೆಯುವ ಭಯವೇ ಕಲಿಯುವವರ ಮೊದಲ ಭಯ. ಅಪಘಾತದ ಭಯ ಆಮೇಲಿನದು.

"ವಯಸ್ಸಿನ ಕೊರತೆಯನ್ನು ಯಂತ್ರ ತುಂಬಿಕೊಡುತ್ತದೆ"

ಹಿರಿಯ ಸವಾರರಿಗೆ ವೇಗಕ್ಕಿಂತ ನಿಲ್ಲುವುದೇ ಕಷ್ಟ. ಓಡುವಾಗ ಬೈಕು ಬಹುಮಟ್ಟಿಗೆ ತನ್ನ ಸಮತೋಲ ತಾನೇ ನೋಡಿಕೊಳ್ಳುತ್ತದೆ. ನಿಂತ ಕೂಡಲೇ 250 ಕಿಲೋ ಗಾಡಿಯನ್ನು ವಾಲದಂತೆ ಹಿಡಿಯುವ ಕೆಲಸ ಮಂಡಿಯ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಿ, ಜಲ್ಲಿಯ ಮೇಲೆ ಒಂದು ಕಾಲು ಜಾರಿದರೆ ಮುಗಿಯಿತು. ಈ ತೊಂದರೆಯನ್ನು ನಿಜವಾಗಿ ಅರ್ಥ ಮಾಡಿಕೊಂಡ ತಂತ್ರಜ್ಞಾನ ಒಂದಿದೆ. ಹಾರ್ಲೆ-ಡೇವಿಡ್ಸನ್ 2021ರ ಪ್ಯಾನ್ ಅಮೆರಿಕ ಬೈಕಿನಲ್ಲಿ, ಗಾಡಿ ನಿಲ್ಲುವ ಹೊತ್ತಿಗೆ ಸಸ್ಪೆನ್ಷನ್ ತಾನೇ ತಗ್ಗಿ, ಹೊರಟ ಮೇಲೆ ಮತ್ತೆ ಏರುವ ವ್ಯವಸ್ಥೆ ಕೊಟ್ಟಿತು. ಬಿಎಂಡಬ್ಲ್ಯು ಆರ್ 1300 ಜಿಎಸ್‌ಗೂ ಅಂಥದ್ದೇ ಬಂತು, 30 ಮಿಲಿಮೀಟರಿನಷ್ಟು ಇಳಿಯುತ್ತದೆ. ಕೇಳಲು ಅಲ್ಪ ಎನಿಸಬಹುದು. ಬೆರಳ ತುದಿಯಲ್ಲಿ ನಿಲ್ಲುವುದಕ್ಕೂ ಪಾದ ಊರುವುದಕ್ಕೂ ಇರುವ ಅಂತರ ಅಷ್ಟೇ. ಇನ್ನು ತಾನೇ ಬೀಳದೆ ನಿಲ್ಲುವ ಬೈಕನ್ನು ಹೋಂಡಾ 2017ರಲ್ಲೇ ಪ್ರದರ್ಶನಕ್ಕಿಟ್ಟಿತ್ತು, ಆದರೆ ಅದು ಮಾರುಕಟ್ಟೆಗೆ ಬಂದಿಲ್ಲ.

ಯಂತ್ರ ತುಂಬಲಾಗದ ಕೊರತೆಗಳೂ ಇವೆ. ರಾತ್ರಿ ಎದುರಿನ ಹೈಬೀಮ್ ಕಣ್ಣು ಕುಕ್ಕಿದಾಗ ವಯಸ್ಸಾದ ಕಣ್ಣು ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಮೂಳೆ ಬೇಗ ಮುರಿಯುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪಘಾತದಿಂದ ತುರ್ತು ಚಿಕಿತ್ಸೆಗೆ ಬಂದ ಸವಾರರಲ್ಲಿ 60 ದಾಟಿದವರು ಆಸ್ಪತ್ರೆಗೆ ದಾಖಲಾಗುವ ಸಂಭವ 20ರಿಂದ 39ರ ವಯಸ್ಸಿನವರಿಗಿಂತ ಸುಮಾರು ಮೂರು ಪಟ್ಟು. 1975ರಲ್ಲಿ ಆ ದೇಶದಲ್ಲಿ ಬೈಕ್ ಅಪಘಾತದಲ್ಲಿ ಸತ್ತವರಲ್ಲಿ 50 ದಾಟಿದವರು ಶೇ. 3ರಷ್ಟಿದ್ದರು, ಈಗ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ಹಿರಿಯ ಸವಾರರ ಸಂಖ್ಯೆಯೇ ಹೆಚ್ಚಿರುವುದು ಇದಕ್ಕೆ ಮುಖ್ಯ ಕಾರಣ. ಆದರೂ, ಇಪ್ಪತ್ತು ವರ್ಷ ಬೈಕ್ ಬಿಟ್ಟಿದ್ದವರು ಎಲೆಕ್ಟ್ರಾನಿಕ್ಸ್ ನಂಬಿ ಯೌವನದ ವೇಗಕ್ಕೇ ಮರಳುವುದು ತರವಲ್ಲ.

"ರೇಡಾರ್ ಇದೆ, ಅದೇ ಬ್ರೇಕ್ ಹಾಕುತ್ತೆ"

2020ರ ಕೊನೆಯಲ್ಲಿ ಡುಕಾಟಿ ಮಲ್ಟಿಸ್ಟ್ರಾಡಾ ವಿ4 ಹಿಂದೆ ಮುಂದೆ ಎರಡೂ ಕಡೆ ರೇಡಾರ್ ಹೊತ್ತು ಬಂದಾಗಿನಿಂದ ಈ ಮಾತು ಕೇಳುತ್ತಿದೆ. ಮುಂದಿನ ರೇಡಾರ್ ಮುಂದಿರುವ ವಾಹನದಿಂದ ಅಂತರ ಕಾಯುತ್ತದೆ, ಹಿಂದಿನದು ಕನ್ನಡಿಗೆ ಕಾಣದ ಜಾಗದಲ್ಲಿ ಬರುವವರನ್ನು ಕಂಡು ಎಚ್ಚರಿಸುತ್ತದೆ. ಕಾರಿನಂತೆ ಗಕ್ಕನೆ ಬ್ರೇಕ್ ಹಾಕಿ ನಿಲ್ಲಿಸುವುದು ಅದರ ಕೆಲಸವಲ್ಲ. ಕಾರಿನಲ್ಲಿ ಸೀಟ್‌ಬೆಲ್ಟ್ ಇದೆ. ಬೈಕಿನಲ್ಲಿ, ಸವಾರ ತೋಳು ಬಿಗಿ ಹಿಡಿದು ಸಿದ್ಧನಾಗಿರದಾಗ ಯಂತ್ರ ಜೋರಾಗಿ ಬ್ರೇಕ್ ಒತ್ತಿದರೆ ಅವನೇ ಹ್ಯಾಂಡಲ್ ಮೇಲಿಂದ ಹಾರಬಹುದು. ಅದಕ್ಕೇ ಅಂತರ ಕಾಯುವಾಗಲೂ ಬ್ರೇಕಿನ ಬಲವನ್ನು ಮಿತಿಯಲ್ಲಿ ಇಡಲಾಗಿದೆ.

ಬೆಂಗಳೂರಿನ ಅಲ್ಟ್ರಾವಯಲೆಟ್ 2025ರಲ್ಲಿ ತನ್ನ ಎಲೆಕ್ಟ್ರಿಕ್ ಗಾಡಿಗಳಿಗೂ ರೇಡಾರ್ ತಂದಿತು. ಹಿಂದಿನಿಂದ ಏನು ಬರುತ್ತಿದೆ ಎಂದು ತಿಳಿಸುವ ಎಚ್ಚರಿಕೆ ನಮ್ಮ ಹೊರವರ್ತುಲ ರಸ್ತೆಯಂಥ ಕಡೆ ನಿಜಕ್ಕೂ ಉಪಯುಕ್ತ. ಆದರೆ ಮುಚ್ಚಳವಿಲ್ಲದ ಮ್ಯಾನ್‌ಹೋಲನ್ನು ಸವಾರನೇ ನೋಡಬೇಕು.

"ಎಬಿಎಸ್ ಇದ್ದರೆ ಬೇಗ ನಿಲ್ಲುತ್ತೆ"

ಒಣ ಡಾಂಬರಿನ ಮೇಲೆ ನುರಿತ ಸವಾರ ಎಬಿಎಸ್ ಇಲ್ಲದೆಯೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ನಿಲ್ಲಿಸಬಲ್ಲ. ಸಡಿಲ ಜಲ್ಲಿಯ ಮೇಲೆ ಎಬಿಎಸ್ ಇದ್ದರೆ ಇನ್ನೂ ಸ್ವಲ್ಪ ಮುಂದೆ ಹೋಗುವುದೂ ಉಂಟು. ಚಕ್ರ ಕಚ್ಚಿಕೊಳ್ಳುವ ಸೂಚನೆ ಸಿಕ್ಕೊಡನೆ ಬ್ರೇಕಿನ ಒತ್ತಡವನ್ನು ಬಿಟ್ಟು ಹಿಡಿದು ಮಾಡುವುದು ಅದರ ಕೆಲಸ. ಗಾಡಿ ಬೀಳದೆ ನೆಟ್ಟಗಿರುತ್ತದೆ. ಮಳೆಗಾಲದ ಆಗುಂಬೆ ಘಾಟಿಯಲ್ಲಿ ತಿರುವಿನಾಚೆ ಬಸ್ಸು ಕಂಡು ಗಾಬರಿಯಿಂದ ಬ್ರೇಕ್ ಅದುಮಿದವನಿಗೆ ಬೇಕಾದದ್ದು ಇದೇ. ಬಾಗಿದ ಸ್ಥಿತಿಯಲ್ಲಿ ಮಾಮೂಲಿ ಎಬಿಎಸ್‌ಗೆ ಮಿತಿಯಿದೆ. ವಾಲುವಿಕೆಯನ್ನೂ ಅಳೆದು ಬ್ರೇಕ್ ಹದ ಮಾಡುವ ಬಾಷ್ ವ್ಯವಸ್ಥೆ 2013ರಲ್ಲಿ ಕೆಟಿಎಂ 1190 ಅಡ್ವೆಂಚರ್‌ನಲ್ಲಿ ಬಂತು.

"ಇವೆಲ್ಲ ದುಬಾರಿ ಬೈಕಿನವರ ಶೋಕಿ"

ಈ ನಂಬಿಕೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಒಂದೇ ಮಾದರಿಯ ಬೈಕುಗಳನ್ನು ಎಬಿಎಸ್ ಇರುವವು, ಇಲ್ಲದವು ಎಂದು ವಿಂಗಡಿಸಿ ಹೋಲಿಸಿ ನೋಡಿತು. ಎಬಿಎಸ್ ಇದ್ದವುಗಳಲ್ಲಿ ಸಾವಿನ ಅಪಘಾತದ ಪ್ರಮಾಣ ಶೇ. 22ರಷ್ಟು ಕಡಿಮೆ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಸುಮಾರು 75 ಸಾವಿರ ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ನಮ್ಮಲ್ಲಿ 2018ರ ಏಪ್ರಿಲ್‌ನಲ್ಲಿ ಹೊಸ ಮಾದರಿಗಳಿಗೆ, 2019ರಲ್ಲಿ ಎಲ್ಲ ಹೊಸ ಗಾಡಿಗಳಿಗೆ ಅನ್ವಯವಾದ ನಿಯಮ 125 ಸಿಸಿಗಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯ ಮಾಡಿತು. ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಯುವ ಸಿಬಿಎಸ್ ಇದ್ದರೂ ಸಾಕು ಎಂದಿತು. ಸಿಬಿಎಸ್ ಚಕ್ರ ಕಚ್ಚುವುದನ್ನು ತಡೆಯುವುದಿಲ್ಲ. ಕಲಿಯುವ ಹುಡುಗಿ, ತೋಟಕ್ಕೆ ಹೋಗುವ ಅಜ್ಜ, ಊಟ ತಲುಪಿಸುವ ಹುಡುಗ ಓಡಿಸುವುದೆಲ್ಲ ಬಹುಪಾಲು ಈ ಚಿಕ್ಕ ಗಾಡಿಗಳೇ.

ಮನೆಯ ಹಿರಿಯರಿಗೋ ಹೊಸದಾಗಿ ಕಲಿಯುವವರಿಗೋ ಗಾಡಿ ಕೊಳ್ಳುವವರು ಪರದೆಯ ಅಂದ ನೋಡುವ ಮೊದಲು ಅವರನ್ನೇ ಸೀಟಿನ ಮೇಲೆ ಕೂರಿಸಿ, ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆಯೇ ನೋಡಬೇಕು. ಸ್ಟ್ಯಾಂಡಿನಿಂದ ತಾವೇ ಇಳಿಸಲಿ, ಹಿಂದಕ್ಕೆ ತಳ್ಳಲಿ. ಎಬಿಎಸ್ ಒಂದೇ ಚಕ್ರಕ್ಕೋ ಎರಡಕ್ಕೋ ಎಂದು ಕೇಳಿ, ಸಾಧ್ಯವಾದರೆ ಎರಡಕ್ಕೂ ಇರುವುದನ್ನೇ ತೆಗೆದುಕೊಳ್ಳಿ. ಕೀ ತಿರುಗಿಸಿದಾಗ ಹೊತ್ತಿಕೊಳ್ಳುವ ಎಬಿಎಸ್ ದೀಪ ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಅದನ್ನು ಸರಿಪಡಿಸಿದ ಮೇಲೆಯೇ ಗಾಡಿ ಅವರ ಕೈಗೆ ಕೊಡಿ.